ಗಣಿಯ ಗಾಳಿ, ಮನೆಯ ಗಾಳಿ

ಹೋದ ವರ್ಷ ನಮ್ಮ ಆಫೀಸಿನ ನೆಲಮಹಡಿಯ ಕಪಾಟಿನ ಮೇಲೆ ಒಂದು ಪುಟ್ಟ ಕರಿ ಪ್ಲಾಸ್ಟಿಕ್ ಡಬ್ಬಿ ತಂದಿಟ್ಟರು. ಕುಂಕುಮದ ಭರಣಿಯಷ್ಟು ಗಾತ್ರ. ವೈರ್ ಇಲ್ಲ, ಬ್ಯಾಟರಿ ಇಲ್ಲ, ಮಿಣುಕುವ ದೀಪವೂ ಇಲ್ಲ. ಹನ್ನೆರಡು ತಿಂಗಳು ಇದನ್ನು ಯಾರೂ ಅಲ್ಲಾಡಿಸಬಾರದು, ಮೇಲೆ ಫೈಲು ಇಡಬಾರದು ಅಂತ ಪಕ್ಕದಲ್ಲಿ ಒಂದು ಚೀಟಿ. ಒಳಗೆ ಏನಿದೆ ಅಂತ ಕೇಳಿದರೆ, ಬರೀ ಒಂದು ಪ್ಲಾಸ್ಟಿಕ್ ಚೂರು ಅಂದರು. ಗಾಳಿಯಲ್ಲಿರುವ ರೇಡಾನ್ ಒಡೆದಾಗ ಹೊರಬೀಳುವ ಆಲ್ಫಾ ಕಣಗಳು ಆ ಚೂರಿಗೆ ಬಡಿದು ಕಣ್ಣಿಗೆ ಕಾಣದ ಗೀರು ಮೂಡಿಸುತ್ತವೆ. ವರ್ಷದ ಕೊನೆಗೆ ಲ್ಯಾಬಿನಲ್ಲಿ ಅದನ್ನು ರಾಸಾಯನಿಕದಲ್ಲಿ ಅದ್ದಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಗೀರುಗಳನ್ನು ಎಣಿಸುತ್ತಾರೆ.

ನಾನಿರುವುದು ಜರ್ಮನಿಯ ಕೆಮ್ನಿಟ್ಸ್ ನಗರದಲ್ಲಿ. ಕೆಲಸ ಮಾತ್ರ ಅಲ್ಲಿಂದ ದಕ್ಷಿಣಕ್ಕೆ, ಎರ್ಟ್ಸ್‌ಗೆಬಿರ್ಗ ಬೆಟ್ಟಸಾಲಿನ ಒಂದು ಸಣ್ಣ ಊರಿನಲ್ಲಿ. ಆ ಹೆಸರಿನ ಅರ್ಥವೇ ಅದಿರಿನ ಬೆಟ್ಟ. ಬೆಟ್ಟ ದಾಟಿದರೆ ಚೆಕ್ ದೇಶ. ಈ ಭಾಗದ ಹಲವು ಊರುಗಳನ್ನು ಸಾಕ್ಸನಿ ರಾಜ್ಯ ಸರ್ಕಾರ 2020ರ ಕೊನೆಯಲ್ಲಿ ರೇಡಾನ್ ಮುನ್ನೆಚ್ಚರಿಕೆ ಪ್ರದೇಶ ಅಂತ ಗುರುತಿಸಿತು. ಇಲ್ಲಿ ನೆಲಮಹಡಿ, ನೆಲಮಾಳಿಗೆಗಳಲ್ಲಿ ಜನ ಕೆಲಸ ಮಾಡುತ್ತಿದ್ದರೆ ಮಾಲೀಕರು ಒಂದು ವರ್ಷ ಅಳೆಯಲೇಬೇಕು. ವರ್ಷದ ಸರಾಸರಿ ಘನ ಮೀಟರ್ ಗಾಳಿಗೆ 300 ಬೆಕೆರೆಲ್ ದಾಟಿದರೆ ಅದನ್ನು ಇಳಿಸಲು ಏನಾದರೂ ಮಾಡಬೇಕು. (ಬೆಕೆರೆಲ್ ಅಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು. ಅಷ್ಟೇ, ಹೆಸರು ಕೇಳಿ ಗಾಬರಿಯಾಗಬೇಡಿ.)

ನನ್ನ ಪಕ್ಕದ ಮೇಜಿನ ಹಿರಿಯರೊಬ್ಬರು ನಿವೃತ್ತಿಗೆ ಹತ್ತಿರದವರು, ಊರು ಇಲ್ಲೇ ಶ್ಲೇಮಾ. ಡಬ್ಬಿ ನೋಡಿ ನಕ್ಕುಬಿಟ್ಟರು. ಅವರ ಅಜ್ಜ ಶ್ಲೇಮಾದ ರೇಡಿಯಂ ಸ್ನಾನಗೃಹದಲ್ಲಿ ಕೆಲಸಕ್ಕಿದ್ದರಂತೆ, ಅಪ್ಪ ಯುರೇನಿಯಂ ಗಣಿಯಲ್ಲಿ. ಈಗ ನನ್ನ ಪಾಲಿಗೆ ಬಂದಿದ್ದು ಈ ಡಬ್ಬಿ ಅಂತ ಅವರ ತಮಾಷೆ. ಮೂರು ತಲೆಮಾರು, ಒಂದೇ ಗಾಳಿ. ಆ ತಮಾಷೆಯ ಹಿಂದೆ ಬಿದ್ದು ಓದುತ್ತಾ ಹೋದದ್ದನ್ನು ಇಲ್ಲಿ ಬರೆದಿದ್ದೇನೆ. ಪಾಡ್‌ಕಾಸ್ಟ್‌ನಲ್ಲಿ ಸಮಯ ಸಾಲದೆ ಬಿಟ್ಟಿದ್ದೆಲ್ಲ ಇದರಲ್ಲಿದೆ.

ಮೊದಲು ಬೆಳ್ಳಿ. 1470ರ ಸುಮಾರಿಗೆ ಶ್ನೀಬೆರ್ಗ್ ಎಂಬಲ್ಲಿ ಬೆಳ್ಳಿ ಸಿಕ್ಕಿತು. 1516ರಲ್ಲಿ ಬೆಟ್ಟದ ಆ ಕಡೆಯ ಯೋಆಖಿಮ್ಸ್‌ಟಾಲ್‌ನಲ್ಲಿ. ಈಗ ಚೆಕ್ಕರು ಅದನ್ನು ಯಾಖಿಮೋವ್ ಅನ್ನುತ್ತಾರೆ. ಅಲ್ಲಿ ಅಚ್ಚು ಹಾಕಿದ ಬೆಳ್ಳಿ ನಾಣ್ಯಕ್ಕೆ ಯೋಆಖಿಮ್ಸ್‌ಟಾಲರ್ ಅಂತ ಹೆಸರಾಯಿತು. ಅದೇ ಟಾಲರ್ ಆಗಿ, ಕೊನೆಗೆ ಡಾಲರ್ ಆಯಿತು. ಹೌದು, ನಮ್ಮ ಅರ್ಧ ನೆಂಟರಿಷ್ಟರು ಬೆನ್ನು ಹತ್ತಿರುವ ಆ ಡಾಲರ್‌ನ ತವರು ಈ ಬೆಟ್ಟ.

ಆ ಊರಿಗೆ 1527ರಲ್ಲಿ ಗೆಯೋರ್ಗ್ ಅಗ್ರಿಕೋಲಾ ಎಂಬ ವೈದ್ಯ ಬಂದ. ಮುಂದೆ ಕೆಮ್ನಿಟ್ಸ್‌ನಲ್ಲಿ ನೆಲೆಸಿ, ಮೇಯರ್ ಆಗಿ, 1555ರಲ್ಲಿ ಅಲ್ಲೇ ತೀರಿಕೊಂಡ. ಮರುವರ್ಷ ಅಚ್ಚಾದ ಅವನ ‘ಡಿ ರೆ ಮೆಟಾಲಿಕಾ’ ಗಣಿಗಾರಿಕೆಗೆ ಎರಡು ಶತಮಾನ ಆಧಾರಗ್ರಂಥವಾಗಿತ್ತು. ಇದನ್ನು 1912ರಲ್ಲಿ ಇಂಗ್ಲಿಷಿಗೆ ತಂದದ್ದು ಹರ್ಬರ್ಟ್ ಹೂವರ್ ಮತ್ತು ಅವರ ಪತ್ನಿ ಲೂ ಹೆನ್ರಿ ಹೂವರ್. ಮುಂದೆ ಅಮೆರಿಕದ ಅಧ್ಯಕ್ಷರಾದ ಅದೇ ಹೂವರ್! ಪಂಪು, ಚಕ್ರ, ಗಾಳಿ ಊದುವ ಯಂತ್ರಗಳ ನಡುವೆ ಅಗ್ರಿಕೋಲಾ ಗಣಿಯವರ ಕಾಯಿಲೆಗಳ ಬಗ್ಗೆಯೂ ಬರೆಯುತ್ತಾನೆ. ಕಾರ್ಪೇಥಿಯನ್ ಬೆಟ್ಟಗಳ ಗಣಿಗಳಲ್ಲಿ ಏಳು ಗಂಡಂದಿರನ್ನು ಒಬ್ಬೊಬ್ಬರಾಗಿ ಮಣ್ಣು ಮಾಡಿದ ಹೆಂಗಸರಿದ್ದಾರೆ ಎಂಬ ಮಾತು ಅವನ ಪುಸ್ತಕದಲ್ಲಿದೆ. ಒಂದೇ ವಾಕ್ಯ. ಮುಂದಿನದಕ್ಕೆ ಹೋಗಿಬಿಡುತ್ತಾನೆ. ನಾನು ಅಲ್ಲೇ ನಿಂತೆ. ಏಳನೆಯವನಿಗೆ ಗೊತ್ತಿರಲಿಲ್ಲವೇ?

ಕಾರಣ ಏನು ಅಂತ ಅವನು ಹೇಳಿದ್ದು ಧೂಳು. ಮುಖಕ್ಕೆ ಸಡಿಲವಾದ ಬಟ್ಟೆ ಕಟ್ಟಿಕೊಳ್ಳಿ ಎಂದ. ಗಣಿಯೊಳಗಿನ ಭೂತಗಳನ್ನೂ ಪೂರ್ತಿ ತಳ್ಳಿಹಾಕಲಿಲ್ಲ. ಅವನ ಸಮಕಾಲೀನ ಪಾರಾಸೆಲ್ಸಸ್ ಗಣಿಗಾರರ ಕಾಯಿಲೆಯ ಮೇಲೆಯೇ ಒಂದು ಪುಸ್ತಕ ಬರೆದ. ಬೆಟ್ಟದ ದೆವ್ವ ಅಲ್ಲ, ಅದಿರಿನಿಂದ ಹೊರಡುವ ಆವಿ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ವಾದಿಸಿದ. ಅದು ಅಚ್ಚಾದದ್ದು ಅವನು ಸತ್ತ ಮೇಲೆ, 1567ರಲ್ಲಿ. ಆವಿ ಅಂತ ಅವನು ಕಲ್ಪಿಸಿಕೊಂಡದ್ದು ಬೇರೆಯೇ ಇರಬಹುದು, ಆದರೂ ಸತ್ಯದ ಹತ್ತಿರ ಸುಳಿದವನು ಅವನೇ.

ಮುನ್ನೂರು ವರ್ಷ ಹೆಚ್ಚೇನೂ ನಡೆಯಲಿಲ್ಲ. ಬೆಳ್ಳಿ ಕರಗಿತು, ಕೋಬಾಲ್ಟ್ ಬಂತು, ಬಿಸ್ಮತ್ ಬಂತು. ಬೆಳ್ಳಿಯ ಎಳೆ ಮುಗಿಯುವ ಕಡೆ ಒಂದು ಕರೀ ಭಾರದ ಕಲ್ಲು ಸಿಗುತ್ತಿತ್ತು. ಗಣಿಯವರು ಅದನ್ನು ಪೆಖ್‌ಬ್ಲೆಂಡ ಎಂದು ಕರೆದು ಆಚೆ ಎಸೆಯುತ್ತಿದ್ದರು. ಪೆಖ್ ಅಂದರೆ ಡಾಂಬರು. ಆದರೆ ಆಡುಮಾತಿನ ಜರ್ಮನ್‌ನಲ್ಲಿ ದುರದೃಷ್ಟಕ್ಕೂ ಅದೇ ಪದ, ನನ್ನ ಸಹೋದ್ಯೋಗಿಗಳು ರೈಲು ತಪ್ಪಿದರೂ ಪೆಖ್ ಅನ್ನುತ್ತಾರೆ. 1789ರಲ್ಲಿ ಬರ್ಲಿನ್‌ನ ಮಾರ್ಟಿನ್ ಕ್ಲಾಪ್ರೋಟ್ ಈ ಕಲ್ಲಿನಲ್ಲಿ ಹೊಸ ಲೋಹವಿದೆ ಎಂದು ಕಂಡು, ಆಗಷ್ಟೇ ಪತ್ತೆಯಾಗಿದ್ದ ಯುರೇನಸ್ ಗ್ರಹದ ನೆನಪಿಗೆ ಯುರೇನಿಯಂ ಎಂದು ಹೆಸರಿಟ್ಟ.

ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದವರು ಇಬ್ಬರು ವೈದ್ಯರು. ಒಬ್ಬ ಶ್ನೀಬೆರ್ಗ್ ಗಣಿಗಳ ವೈದ್ಯ ಹೆರ್ಟಿಂಗ್, ಇನ್ನೊಬ್ಬ ಪಕ್ಕದ ಶ್ವಾರ್ಟ್ಸೆನ್‌ಬೆರ್ಗ್‌ನ ಜಿಲ್ಲಾ ವೈದ್ಯ ವಾಲ್ಟರ್ ಹೆಸ್ಸೆ. ಶ್ನೀಬೆರ್ಗ್ ಗಣಿಗೆ ಇಳಿದವರು ಇಪ್ಪತ್ತು ವರ್ಷ ದುಡಿಯುವಷ್ಟರಲ್ಲಿ ಎದೆನೋವು, ಕೆಮ್ಮು, ಸುಸ್ತು ಅಂತ ಕುಸಿಯುತ್ತಿದ್ದರು. ಊರವರು ಅದಕ್ಕೆ ಬೆಟ್ಟದ ಕಾಯಿಲೆ ಎಂದು ಹೆಸರಿಟ್ಟು ಹಣೆಬರಹ ಅಂದುಕೊಂಡಿದ್ದರು. ಈ ಇಬ್ಬರು ಹೆಣಗಳನ್ನು ಕೊಯ್ದು ನೋಡಿದರು, ಗಣಿಯ ಸಾವಿನ ಲೆಕ್ಕ ತೆಗೆದರು. 1879ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅವರು ಹೇಳಿದ್ದು ಇಷ್ಟು: ಇದು ಕ್ಷಯ ಅಲ್ಲ, ಶ್ವಾಸಕೋಶದಲ್ಲಿ ಬೆಳೆಯುವ ಮಾರಕ ಗೆಡ್ಡೆ, ಮತ್ತು ಈ ಗಣಿಗಾರರ ಸಾವುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಇದರಿಂದಲೇ. ಸಿಗರೇಟು ಇನ್ನೂ ಜನರ ಕೈಗೆ ಬಂದಿರದ ಕಾಲ ಅದು, ಶ್ವಾಸಕೋಶದ ಕ್ಯಾನ್ಸರ್ ಎಂಬುದು ವೈದ್ಯರೇ ಅಪರೂಪಕ್ಕೆ ನೋಡುತ್ತಿದ್ದ ರೋಗ. ಅಂಥದ್ದರಲ್ಲಿ ಒಂದೇ ಊರಿನಲ್ಲಿ ಈ ಪ್ರಮಾಣ! ಕಾರಣ ಮಾತ್ರ ಅವರಿಗೆ ಹೊಳೆಯಲಿಲ್ಲ. ಅದಿರಿನಲ್ಲಿ ಆರ್ಸೆನಿಕ್ ಇತ್ತು, ಅನುಮಾನ ಅದರ ಮೇಲೆ ಹೋಯಿತು.

ಇಲ್ಲೊಂದು ಅಡ್ಡಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಎರಡು ವರ್ಷದ ನಂತರ ಇದೇ ಹೆಸ್ಸೆ ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯ ಸೇರಿದಾಗ, ಬ್ಯಾಕ್ಟೀರಿಯಾ ಬೆಳೆಸುವ ಜೆಲಟಿನ್ ಬೇಸಿಗೆಯಲ್ಲಿ ಕರಗಿ ಹೋಗುತ್ತದೆ ಅಂತ ಒದ್ದಾಡುತ್ತಿದ್ದರು. ಹೆಂಡತಿ ಫ್ಯಾನಿ, ಅಡುಗೆಮನೆಯಲ್ಲಿ ಜೆಲ್ಲಿಗೆ ತಾನು ಬಳಸುತ್ತಿದ್ದ ಅಗರ್ ಹಾಕಿ ನೋಡಿ ಎಂದರು. ಜಾವಾದಲ್ಲಿದ್ದು ಬಂದವರಿಂದ ಕಲಿತದ್ದು ಅದು. ಇವತ್ತಿಗೂ ಜಗತ್ತಿನ ಪ್ರತಿ ಲ್ಯಾಬಿನಲ್ಲೂ ಅಗರ್ ಇದೆ. ನಮ್ಮ ಅಮ್ಮಂದಿರು ಚೈನಾ ಗ್ರಾಸ್ ಅಂತ ತಂದು ಹಾಲಿನಲ್ಲಿ ಹಾಕಿ ಪುಡ್ಡಿಂಗ್ ಮಾಡುವುದೂ ಅದನ್ನೇ. ಸರಿ, ಗಣಿಗೆ ವಾಪಸು ಬರೋಣ.

1898ರಲ್ಲಿ ಮೇರಿ ಮತ್ತು ಪಿಯರ್ ಕ್ಯೂರಿ ರೇಡಿಯಂ ಕಂಡುಹಿಡಿದರು. ಅದನ್ನು ಬೇರ್ಪಡಿಸಲು ಅವರಿಗೆ ಬೇಕಾದ ಟನ್‌ಗಟ್ಟಲೆ ಕಸ ಬಂದದ್ದು ಯೋಆಖಿಮ್ಸ್‌ಟಾಲ್‌ನಿಂದಲೇ, ಗಾಜಿನ ಬಣ್ಣಕ್ಕೆ ಯುರೇನಿಯಂ ತೆಗೆದ ಮೇಲೆ ಉಳಿದ ಗಷ್ಟು. 1900ರಲ್ಲಿ ಹಾಲೆ ನಗರದ ಫ್ರೀಡ್ರಿಖ್ ಎರ್ನ್ಸ್ಟ್ ಡಾರ್ನ್, ಈ ರೇಡಿಯಂನಿಂದ ಒಂದು ಅನಿಲ ಹೊರಡುತ್ತದೆ, ಅದೂ ವಿಕಿರಣಶೀಲ ಎಂದು ತೋರಿಸಿದರು. ಹಿಂದಿನ ವರ್ಷವೇ ಕೆನಡಾದಲ್ಲಿ ಓವೆನ್ಸ್ ಮತ್ತು ರುದರ್‌ಫೋರ್ಡ್ ಥೋರಿಯಂನಲ್ಲಿ ಇಂಥದ್ದನ್ನು ಕಂಡಿದ್ದರು. ಇದೇ ರೇಡಾನ್.

ಯುರೇನಿಯಂ ಬಹಳ ನಿಧಾನವಾಗಿ, ಕೋಟ್ಯಂತರ ವರ್ಷಗಳಲ್ಲಿ ಕರಗುತ್ತಾ ರೇಡಿಯಂ ಆಗುತ್ತದೆ, ರೇಡಿಯಂ ಒಡೆದು ರೇಡಾನ್. ಈ ಸರಪಳಿಯಲ್ಲಿ ಮಿಕ್ಕವೆಲ್ಲ ಘನ. ಕಲ್ಲಿನಲ್ಲೇ ಬಿದ್ದಿರುತ್ತವೆ. ರೇಡಾನ್ ಒಂದೇ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ, ಯಾವುದರ ಜೊತೆಗೂ ಸೇರುವುದಿಲ್ಲ. ಬಂಡೆಯ ಬಿರುಕಿನಲ್ಲಿ ತೂರುತ್ತದೆ, ಅಂತರ್ಜಲದಲ್ಲಿ ಕರಗಿ ಹೊರಡುತ್ತದೆ. 3.8 ದಿನಕ್ಕೆ ಅರ್ಧ ಆಗುತ್ತದೆ, ಆದರೆ ನೆಲದಿಂದ ಮನೆಯೊಳಕ್ಕೆ ಬರಲು ಅಷ್ಟು ಸಮಯ ಧಾರಾಳ ಸಾಕು.

ಈಗ ನೋಡಿ, ಒಂದು ಕಡೆ 1879ರ ವರದಿ, ಇನ್ನೊಂದು ಕಡೆ 1900ರ ಶೋಧ. ಎರಡೂ ಊರುಗಳು ಒಂದು ದಿನದ ಪ್ರಯಾಣದಷ್ಟೂ ದೂರವಿಲ್ಲ. ಇವೆರಡನ್ನು ಯಾರಾದರೂ ಕೂಡಲೇ ಜೋಡಿಸಿದರೇ? ಇಲ್ಲ. ಜನ ಮಾಡಿದ್ದು ಅದರಲ್ಲಿ ಸ್ನಾನ. 1906ರಲ್ಲಿ ಯೋಆಖಿಮ್ಸ್‌ಟಾಲ್ ರೇಡಾನ್ ನೀರಿನ ಚಿಕಿತ್ಸಾ ಊರಾಯಿತು, ಗಣಿಯ ನೀರನ್ನೇ ತೊಟ್ಟಿಗೆ ಹಾಯಿಸಿದರು. 1918ರಲ್ಲಿ ಓಬರ್‌ಶ್ಲೇಮಾದಲ್ಲಿ ರೇಡಿಯಂ ಸ್ನಾನಗೃಹ ಶುರುವಾಯಿತು, ನನ್ನ ಸಹೋದ್ಯೋಗಿಯ ಅಜ್ಜ ಟವೆಲ್ ಕೊಡುತ್ತಿದ್ದದ್ದು ಅಲ್ಲಿ. ಅಮೆರಿಕದಲ್ಲಿ ಯುರೇನಿಯಂ ಅದಿರು ಬಳಿದ ಕುಡಿಯುವ ನೀರಿನ ಹೂಜಿಗಳು ಮಾರಾಟವಾದವು, ರಾತ್ರಿ ತುಂಬಿಟ್ಟು ಬೆಳಗ್ಗೆ ಕುಡಿಯಿರಿ ಅಂತ. ನಾವು ತಾಮ್ರದ ಚೊಂಬಿನಲ್ಲಿ ಇಡುತ್ತೇವಲ್ಲ, ಹಾಗೆ.

ಗಣಿಯವರ ಎದೆ ಮತ್ತು ಈ ಅನಿಲದ ನಂಟನ್ನು ಮಾರ್ಗರೇಟೆ ಊಲಿಗ್ ಎಂಬ ಸಂಶೋಧಕಿ 1921ರಲ್ಲಿ ಎತ್ತಿ ಹೇಳಿದರು. 1924ರಲ್ಲಿ ಲುಡೆವಿಗ್ ಮತ್ತು ಲೊರೆನ್ಸರ್ ಶ್ನೀಬೆರ್ಗ್ ಗಣಿಗಳ ಗಾಳಿಯನ್ನೇ ಅಳೆದರು. 1925ರಲ್ಲಿ ಜರ್ಮನಿ ಶ್ನೀಬೆರ್ಗ್ ಶ್ವಾಸಕೋಶ ಕಾಯಿಲೆಯನ್ನು ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿಸಿತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು ಅನಿಸುತ್ತದೆ ಅಲ್ವಾ?

ಮುಗಿಯಲಿಲ್ಲ, ಯಾಕೆಂದರೆ ಇಪ್ಪತ್ತು ವರ್ಷದಲ್ಲಿ ಆ ಕಸದ ಕಲ್ಲು ಚಿನ್ನಕ್ಕಿಂತ ದುಬಾರಿಯಾಯಿತು. ಅಣುಬಾಂಬಿಗೆ ಯುರೇನಿಯಂ ಬೇಕು. 1944ರಲ್ಲಿ ಅಮೆರಿಕದ ಎಗಾನ್ ಲೊರೆನ್ಸ್ ಆವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ರೇಡಾನ್ ಒಂದೇ ಕಾರಣ ಎನ್ನಲಾಗದು ಎಂದರು. ಧೂಳು ಇದೆ, ಆರ್ಸೆನಿಕ್ ಇದೆ, ಆ ಬೆಟ್ಟದ ಜನರ ವಂಶವಾಹಿಯೇ ದುರ್ಬಲ ಇರಬಹುದು ಎಂಬ ವಾದವೂ ಅದರಲ್ಲಿತ್ತು. ಆ ಅನುಮಾನಕ್ಕೆ ವೈಜ್ಞಾನಿಕ ಕಾರಣವೂ ಇತ್ತು, ಒಪ್ಪುತ್ತೇನೆ. ಲೆಕ್ಕ ಹಾಕಿದರೆ ಆ ಅನಿಲದಿಂದ ಶ್ವಾಸಕೋಶಕ್ಕೆ ತಗಲುವ ವಿಕಿರಣ ಇಷ್ಟು ಕ್ಯಾನ್ಸರ್ ತರಲು ಸಾಲುತ್ತಿರಲಿಲ್ಲ. ಉಸಿರಿನಲ್ಲಿ ಒಳಹೋದ ರೇಡಾನ್ ಬಹುಪಾಲು ಹಾಗೆಯೇ ಹೊರಬಂದುಬಿಡುತ್ತದೆ. ಒಗಟು ಬಿಡಿಸಿದ್ದು ರೋಚೆಸ್ಟರ್ ವಿಶ್ವವಿದ್ಯಾಲಯದ ವಿಲಿಯಂ ಬೇಲ್, 1951ರಲ್ಲಿ. ಹೊಡೆತ ರೇಡಾನ್‌ದಲ್ಲ, ಅದರ ಮಕ್ಕಳದ್ದು. ರೇಡಾನ್ ಒಡೆದು ಹುಟ್ಟುವ ಪೊಲೋನಿಯಂ ಮುಂತಾದವು ಘನ ಕಣಗಳು, ಗಾಳಿಯ ಧೂಳಿಗೆ ಅಂಟಿಕೊಂಡು ಗಣಿಯೊಳಗೆ ತೇಲುತ್ತಿರುತ್ತವೆ. ಉಸಿರಿನೊಡನೆ ಹೋಗಿ ಶ್ವಾಸನಾಳದ ಒಳಪದರಕ್ಕೆ ಅಂಟಿ, ಅಲ್ಲೇ ಕೂತು ಆಲ್ಫಾ ಕಣ ಉಗುಳುತ್ತವೆ. ಅದನ್ನು ಸೇರಿಸಿ ಲೆಕ್ಕ ಹಾಕಿದರೆ ಪ್ರಮಾಣ ಎಷ್ಟೋ ಪಟ್ಟು ಏರಿತು.

ಅಂದರೆ 1951ಕ್ಕೆ ರೋಗ ಗೊತ್ತು, ಕಾರಣ ಗೊತ್ತು, ಅದು ನಡೆಯುವ ಬಗೆ ಗೊತ್ತು, ಪರಿಹಾರವೂ ಗೊತ್ತು: ಗಣಿಗೆ ಚೆನ್ನಾಗಿ ಗಾಳಿ ಹಾಯಿಸಬೇಕು. ಅಗ್ರಿಕೋಲಾನ ಪುಸ್ತಕದಲ್ಲೇ ಅದರ ಯಂತ್ರದ ಚಿತ್ರಗಳಿವೆ!

ಆಗ ಈ ಬೆಟ್ಟದಲ್ಲಿ ಏನು ನಡೆಯುತ್ತಿತ್ತು? 1946ರಿಂದ ಸೋವಿಯತ್ ಒಡೆತನದಲ್ಲಿ ವಿಸ್ಮುತ್ ಎಂಬ ಸಂಸ್ಥೆ ಯುರೇನಿಯಂ ತೆಗೆಯುತ್ತಿತ್ತು. ವಿಸ್ಮುತ್ ಅಂದರೆ ಬಿಸ್ಮತ್, ಗುಟ್ಟು ಕಾಯಲು ಇಟ್ಟ ಸುಳ್ಳು ಹೆಸರು. ಮೊದಲ ಎಂಟೊಂಬತ್ತು ವರ್ಷ ಒಣ ಕಲ್ಲಿಗೇ ಡ್ರಿಲ್ ಹಾಕುತ್ತಿದ್ದರು, ನೀರು ಬಿಡದೆ. ಗಾಳಿಯ ವ್ಯವಸ್ಥೆ ನೆಪಕ್ಕೆ. ಓಬರ್‌ಶ್ಲೇಮಾದ ರೇಡಿಯಂ ಸ್ನಾನಗೃಹದ ಕೆಳಗೇ ಅಗೆದು ಊರು ಕುಸಿಯಿತು. 1990ರ ಕೊನೆಗೆ ಗಣಿ ನಿಲ್ಲುವ ಹೊತ್ತಿಗೆ 2,30,000 ಟನ್ ಯುರೇನಿಯಂ ಹೋಗಿತ್ತು. ಜರ್ಮನಿ ಒಂದಾದ ಮೇಲೆ ದಾಖಲೆಗಳು ಹೊರಬಂದವು. ಸುಮಾರು 59,000 ಗಂಡಸರನ್ನು ಹಿಂಬಾಲಿಸಿದ ಅಧ್ಯಯನದಲ್ಲಿ 2003ರ ಹೊತ್ತಿಗೆ 3,000ಕ್ಕೂ ಹೆಚ್ಚು ಜನ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ರೇಡಾನ್ ಬಗ್ಗೆ ಜಗತ್ತಿಗೆ ಇಂದು ಗೊತ್ತಿರುವುದರಲ್ಲಿ ದೊಡ್ಡ ಪಾಲು ಬಂದದ್ದು ಈ ಪಟ್ಟಿಯಿಂದ. ಬೆಟ್ಟದ ಆ ಕಡೆ ಯಾಖಿಮೋವ್‌ನಲ್ಲಿ 1948ರ ನಂತರ ಗಣಿಗೆ ಇಳಿಸಿದ್ದು ರಾಜಕೀಯ ಕೈದಿಗಳನ್ನು.

ಕಮ್ಯುನಿಸ್ಟರು ಹೀಗೆ ಅಂತ ಷರಾ ಬರೆದು ಮುಗಿಸುವ ಹಾಗೂ ಇಲ್ಲ. ಅದೇ ವರ್ಷಗಳಲ್ಲಿ ಅಮೆರಿಕದ ಕೊಲರಾಡೊ ಪ್ರಸ್ಥಭೂಮಿಯ ಗಣಿಗಳಲ್ಲಿ, ನವಾಹೊ ಮೂಲನಿವಾಸಿಗಳೂ ಸೇರಿ, ಸಾವಿರಾರು ಜನ ದುಡಿದರು. 1950ರಿಂದ ಸರ್ಕಾರಿ ಆರೋಗ್ಯ ಇಲಾಖೆಯ ಡಂಕನ್ ಹಾಲಡೇ ಮತ್ತು ಸಂಗಡಿಗರು ಗಾಳಿ ಅಳೆದರು, ಅಪಾಯ ಕಂಡರು. ಆದರೆ ಗಣಿಗೆ ಪ್ರವೇಶ ಸಿಕ್ಕಿದ್ದೇ ಕೆಲಸಗಾರರನ್ನು ಹೆದರಿಸಬಾರದು ಎಂಬ ಷರತ್ತಿನ ಮೇಲೆ. ಅಳೆದದ್ದನ್ನು ಅಳೆಸಿಕೊಂಡವರಿಗೆ ಹೇಳಲಿಲ್ಲ. ದೇಶಾದ್ಯಂತ ಅನ್ವಯವಾಗುವ ಮಿತಿ ಬಂದದ್ದು 1967ರಲ್ಲಿ, ಕ್ಷಮೆ ಮತ್ತು ಪರಿಹಾರದ ಕಾನೂನು 1990ರಲ್ಲಿ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಸಿಲಿಕೋಸಿಸ್ ಆದವರ ಮನೆಯವರಿಗೆ ಈ ವಿಳಂಬ ಹೊಸದೆನಿಸದು. ಅಲ್ಲಿ ಧೂಳೇ ನಿಜವಾದ ಅಪರಾಧಿ. ಇಲ್ಲಿ ಧೂಳು ಒಂದು ನೆಪವೂ ಆಗಿತ್ತು.

ಇಷ್ಟಾದರೂ ರೇಡಾನ್ ಗಣಿಯವರ ಪಾಡು ಎಂದೇ ಉಳಿಯಿತು. ಸ್ವೀಡನ್‌ನಲ್ಲಿ ಬೆಂಗ್ಟ್ ಹುಲ್ಟ್‌ಕ್ವಿಸ್ಟ್ 1956ರಲ್ಲೇ ಮನೆಗಳ ಒಳಗೆ ಅಳೆದು, ಯುರೇನಿಯಂ ಅಂಶವಿರುವ ಕಲ್ಲಿನಿಂದ ಮಾಡಿದ ಕಾಂಕ್ರೀಟ್ ಮನೆಗಳಲ್ಲಿ ಹೆಚ್ಚು ರೇಡಾನ್ ಇದೆ ಎಂದು ತೋರಿಸಿದ್ದರು. ಆ ನೀಲಿ ಕಾಂಕ್ರೀಟ್ 1975ರವರೆಗೂ ತಯಾರಾಯಿತು.

ಆಮೇಲೆ 1984ರ ಡಿಸೆಂಬರ್. ಅಮೆರಿಕದ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುವಿದ್ಯುತ್ ಸ್ಥಾವರದ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ಬಾಗಿಲಿನ ವಿಕಿರಣ ಪತ್ತೆಯಂತ್ರ ದಾಟಿದಾಗಲೆಲ್ಲ ಗಂಟೆ ಹೊಡೆಯುತ್ತಿತ್ತು. ಸ್ಥಾವರದಿಂದ ಇನ್ನೂ ವಿದ್ಯುತ್ ಸರಬರಾಜೇ ಶುರುವಾಗಿರಲಿಲ್ಲ. ಮೈಗೆ ಎಲ್ಲಿಂದ ಅಂಟುತ್ತಿದೆ ಅಂತ ಯಾರಿಗೂ ತಿಳಿಯದು. ಒಂದು ಬೆಳಗ್ಗೆ ಆತ ಒಳಗೆ ಬಂದವನೇ ಕೆಲಸಕ್ಕೆ ಹೋಗದೆ ತಿರುಗಿ ಅದೇ ಯಂತ್ರದಲ್ಲಿ ನಿಂತ. ಗಂಟೆ ಹೊಡೆಯಿತು. ಅಂದರೆ ವಿಕಿರಣವನ್ನು ಆತ ಸ್ಥಾವರದಿಂದ ಮನೆಗೆ ಒಯ್ಯುತ್ತಿರಲಿಲ್ಲ, ಮನೆಯಿಂದ ಸ್ಥಾವರಕ್ಕೆ ತರುತ್ತಿದ್ದ.

ಬಾಯರ್‌ಟೌನ್ ಬಳಿಯ ಅವರ ಮನೆಯ ಗಾಳಿ ಅಳೆದರು. ಲೀಟರಿಗೆ ಸುಮಾರು 2,700 ಪಿಕೋಕ್ಯೂರಿ, ನಮ್ಮ ಲೆಕ್ಕದಲ್ಲಿ ಘನ ಮೀಟರಿಗೆ ಹತ್ತಿರಹತ್ತಿರ 1,00,000 ಬೆಕೆರೆಲ್. ಗಂಡ, ಹೆಂಡತಿ, ಸಣ್ಣ ಮಕ್ಕಳು ಅಲ್ಲಿ ಮಲಗುತ್ತಿದ್ದರು. ಆ ಮನೆ ಇದ್ದದ್ದು ರೀಡಿಂಗ್ ಪ್ರಾಂಗ್ ಎಂಬ ಯುರೇನಿಯಂ ಅಂಶ ಹೆಚ್ಚಿರುವ ಬಂಡೆಪಟ್ಟಿಯ ಮೇಲೆ, ಅದು ಪೆನ್ಸಿಲ್ವೇನಿಯಾದಿಂದ ನ್ಯೂಜೆರ್ಸಿ ಹಾದು ನ್ಯೂಯಾರ್ಕ್ ಕಡೆಗೆ ಹೋಗುತ್ತದೆ. ವಿಚಿತ್ರ ಅಂದರೆ ಪಕ್ಕದ ಮನೆಯಲ್ಲಿ ತೊಂದರೆಯಿರಲಿಲ್ಲ. ಬಿರುಕು ಯಾರ ಮನೆಯ ಕೆಳಗೆ ಬಾಯಿ ತೆರೆದಿದೆ ಎಂಬುದಷ್ಟೇ ಲೆಕ್ಕ.

ಚಳಿದೇಶದ ಮನೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹೀಟರ್ ಹಾಕಿ ಕಿಟಕಿ ಬಿಗಿಯುತ್ತೇವೆ. ಬಿಸಿಗಾಳಿ ಮೇಲೇರುತ್ತದೆ, ಕೆಳಗೆ ಒತ್ತಡ ಇಳಿಯುತ್ತದೆ, ಮನೆ ನೆಲದೊಳಗಿನ ಗಾಳಿಯನ್ನು ಸ್ಟ್ರಾ ಹಾಕಿದಂತೆ ಹೀರುತ್ತದೆ. ಪರಿಹಾರ ದೊಡ್ಡದೇನಲ್ಲ, ನೆಲಗಟ್ಟಿಗೆ ತೂತು ಕೊರೆದು ಪೈಪು ಇಳಿಸಿ, ಫ್ಯಾನ್ ಹಾಕಿ, ಆ ಗಾಳಿಯನ್ನು ಸೂರಿನ ಮೇಲೆ ಬಿಡುವುದು. ನ್ಯೂಜೆರ್ಸಿಯಲ್ಲಿ ಮನೆ ಕೊಂಡ ನಮ್ಮವರಿಗೆಲ್ಲ ಆ ಬಿಳಿ ಪೈಪಿನ ಪರಿಚಯ ಇದ್ದೇ ಇರುತ್ತದೆ.

ಆಮೇಲಿನ ವೇಗ ನೋಡಿ. ಮರುವರ್ಷವೇ ಪತ್ರಿಕೆಗಳ ಮುಖಪುಟ. 1988ರಲ್ಲಿ ಅಮೆರಿಕದ ಸರ್ಕಾರ ಮನೆಗಳನ್ನೆಲ್ಲ ಪರೀಕ್ಷಿಸಿಕೊಳ್ಳಿ ಎಂದಿತು, ಕಾನೂನು ತಂದಿತು. ಅದೇ ವರ್ಷ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಾನನ್ನು ಕ್ಯಾನ್ಸರ್‌ಕಾರಕ ಎಂದು ಘೋಷಿಸಿತು. ನಾಲ್ಕು ವರ್ಷ. ಗಣಿಗೆ ಇಳಿದವರು 1879ರಿಂದ ಕಾಯುತ್ತಿದ್ದರು. ಮನೆ ಸ್ವಂತದ್ದು, ಅದಕ್ಕೆ ಸಾಲ ಇದೆ, ಮರುಮಾರಾಟದ ಬೆಲೆ ಇದೆ. ಗಣಿಗಾರನ ಎದೆಗೆ ಅಂಥದ್ದೇನೂ ಇರಲಿಲ್ಲ ಅಂತ ನನಗೆ ಕಹಿಯಾಗಿಯೇ ಅನಿಸುತ್ತದೆ. ಹಾಗಂತ ಮನೆಯ ಅಪಾಯ ಸುಳ್ಳಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಜನ ರೇಡಾನ್ ತರುವ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುತ್ತಾರೆಂದು ಅಲ್ಲಿನ ಪರಿಸರ ಇಲಾಖೆಯ ಅಂದಾಜು. ಸಿಗರೇಟು ಸೇದುವವರಿಗೆ ಅಪಾಯ ಬಹಳ ಹೆಚ್ಚು.

ಊರಿನ ಕಡೆ ಹೇಗೆ ಅಂತ ನೀವು ಕೇಳುತ್ತೀರಿ. ಬೆಂಗಳೂರು ಕೂತಿರುವುದು ಗ್ರಾನೈಟ್, ನೈಸ್ ಬಂಡೆಗಳ ಮೇಲೆ. ಅಲ್ಲಿನ ಬೋರ್‌ವೆಲ್ ನೀರು ಅಳೆದ ಅಧ್ಯಯನಗಳಲ್ಲಿ ಲೀಟರಿಗೆ ನೂರಾರು ಬೆಕೆರೆಲ್ ರೇಡಾನ್ ಸಿಕ್ಕಿದ ಬಾವಿಗಳಿವೆ. ಕುಡಿಯುವ ನೀರಿಗೆ ಯುರೋಪ್ ಇಟ್ಟುಕೊಂಡಿರುವ ಮಟ್ಟ ಲೀಟರಿಗೆ 100. ಆದರೆ ನಮ್ಮಲ್ಲಿ ನೀರು ಸಂಪಿಗೆ ಬಿದ್ದು, ಮೇಲಿನ ಟ್ಯಾಂಕಿಗೆ ಏರಿ, ಅಲ್ಲಿ ಒಂದೆರಡು ದಿನ ನಿಲ್ಲುತ್ತದೆ. ಹೊಯ್ದಾಡುವಾಗಲೇ ರೇಡಾನ್ ಬಹಳಷ್ಟು ಹಾರಿಹೋಗುತ್ತದೆ. ಕಿಟಕಿ ಬಾಗಿಲು ತೆರೆದೇ ಇರುತ್ತಿದ್ದ ಮನೆಗಳಲ್ಲಿ ಗಾಳಿಯ ಚಿಂತೆಯೂ ಕಡಿಮೆಯಿತ್ತು. ಈಗ ಎಸಿ ಹಾಕಿ ಮುಚ್ಚಿದ ಬೇಸ್‌ಮೆಂಟ್ ಆಫೀಸುಗಳು ಎಷ್ಟಿವೆ, ಅವುಗಳನ್ನು ಅಳೆಯುವುದು ಒಳ್ಳೆಯದು. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಅದಿರೇ ಇದೆ. ಅಲ್ಲಿ ಗಣಿಯಾಗಲಿ ಬಿಡಲಿ, ಆ ಸೀಮೆಯ ಬಾವಿಗಳನ್ನು, ಮನೆಗಳನ್ನು ಅಳೆದು, ಅಳೆದದ್ದನ್ನು ಅಲ್ಲಿಯ ಜನಕ್ಕೆ ಅವರ ಭಾಷೆಯಲ್ಲಿ ಹೇಳಬೇಕು ಅಂತ ಮಾತ್ರ ನನ್ನ ಆಸೆ.

ನಮ್ಮ ಡಬ್ಬಿಯ ಫಲಿತಾಂಶ ಮೊನ್ನೆ ಬಂತು. ನನ್ನ ಮೇಜಿನ ಕಡೆ 180. ಸಾಮಾನು ಇಡುವ ಕೋಣೆಯಲ್ಲಿ 420. ಆ ಕೋಣೆಯ ನೆಲದ ಬಿರುಕು ಮುಚ್ಚಿಸಿ, ಒಂದು ಫ್ಯಾನ್ ಹಾಕಿಸಿ, ಇನ್ನೊಂದು ವರ್ಷಕ್ಕೆ ಹೊಸ ಡಬ್ಬಿ ಇಟ್ಟಿದ್ದಾರೆ. ನನ್ನ ಪಕ್ಕದ ಮೇಜಿನವರು ಆ ಕಾಗದ ಓದಿ, ಮಡಿಸಿಟ್ಟು, ಶುಕ್ರವಾರ ಬೇಗ ಹೊರಟರು. ಗಣಿ ನಿಂತ ಮೇಲೆ ಶ್ಲೇಮಾದವರು ಕುಸಿದ ಜಾಗವನ್ನು ತುಂಬಿಸಿ, ತೋಟ ಮಾಡಿ, 1998ರಲ್ಲಿ ಮತ್ತೆ ಸ್ನಾನಗೃಹ ಕಟ್ಟಿಕೊಂಡಿದ್ದಾರೆ. ಮಂಡಿ ನೋವಿಗೆ ಡಾಕ್ಟರು ಬರೆದುಕೊಟ್ಟಿದ್ದಾರಂತೆ, ಸರಣಿ ಸ್ನಾನ, ರೇಡಾನ್ ನೀರಿನಲ್ಲಿ, ಒಂದು ಸಲಕ್ಕೆ ಇಪ್ಪತ್ತು ನಿಮಿಷ.